ಇ-ವೇಸ್ಟ್ ಬಿಸಿನೆಸ್‌ಗೆ ಇಳೀತೀರಾ? ಕಲೆಕ್ಷನ್, ರಿಪೇರಿ, ಮೆಷಿನ್, ಚಿನ್ನ, ಬ್ಯಾಟರಿ: ಯಾವುದು ಯಾರಿಗೆ ಅಂತ ನೋಡೋಣ

ಪಾವಗಡದಲ್ಲಿರೋ ನಮ್ಮಕ್ಕನ ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗ್ಸಿ ಆರು ವರ್ಷ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಸರ್ವಿಸ್ ಸೆಂಟರ್‌ನಲ್ಲಿ ದುಡ್ದ. ಹೋದ ತಿಂಗಳು ಫೋನ್ ಮಾಡಿ "ಮಾವ, ಇ-ವೇಸ್ಟ್ ರಿಸೈಕ್ಲಿಂಗ್‌ಗೆ ಮುಂದೆ ಒಳ್ಳೆ ಕಾಲ ಇದೆಯಂತೆ, ಇಪ್ಪತ್ತೈದು ಲಕ್ಷ ಹೊಂಚಿದೀನಿ, ಶ್ರೆಡ್ಡರ್ ಮೆಷಿನ್‌ಗೆ ಅಡ್ವಾನ್ಸ್ ಕೊಟ್ಬಿಡ್ಲಾ" ಅಂದ. ಕೊಡ್ಬೇಡ ತಡಿ, ಈ ಭಾನುವಾರ ಮನೆಗೆ ಬಾ ಅಂದೆ. ನಾನು ಹಳೇ ಎಲೆಕ್ಟ್ರಾನಿಕ್ಸ್ ಬಿಚ್ಚೋ ಒಂದು ಡಿಸ್‌ಮ್ಯಾಂಟ್ಲಿಂಗ್ ಯುನಿಟ್‌ನಲ್ಲಿ ಪರ್ಚೇಸ್ ಕಡೆ ವರ್ಷಗಟ್ಲೆ ಕೆಲ್ಸ ಮಾಡಿದೀನಿ, ಗುಜರಿ ಅಂಗಡಿ ಗುಜರಿ ಅಂಗಡಿ ಸುತ್ತಿ ಮಾಲು ತಂದಿದೀನಿ. ಅವನಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಇದೇ ಪ್ರಶ್ನೆ ಇಟ್ಕೊಂಡು ಮೆಷಿನ್ ಡೀಲರ್ ಮುಂದೆ ಕೂತಿರೋ ಹುಡುಗ್ರು ತುಂಬಾ ಜನ ಇದಾರೆ.

ಮೊದ್ಲು, ಬೆಳವಣಿಗೆ ನಿಜಾನಾ? ನಿಜ. 2024ರಲ್ಲಿ ಬಂದ ಗ್ಲೋಬಲ್ ಇ-ವೇಸ್ಟ್ ಮಾನಿಟರ್ ವರದಿ ಪ್ರಕಾರ 2022ರಲ್ಲಿ ಇಡೀ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ವೇಸ್ಟ್ ಹುಟ್ಟಿದೆ, ಅದ್ರಲ್ಲಿ ಲೆಕ್ಕಕ್ಕೆ ಸಿಕ್ಕಿ ಸರಿಯಾದ ದಾರೀಲಿ ರಿಸೈಕಲ್ ಆಗಿದ್ದು ಶೇ. 22.3 ಅಷ್ಟೇ, 2030ಕ್ಕೆ ಒಟ್ಟು 8.2 ಕೋಟಿ ಟನ್ ಆಗತ್ತೆ ಅಂತ ಅಂದಾಜು. ಚೀನಾ, ಅಮೆರಿಕ ಬಿಟ್ರೆ ಮೂರನೇ ಜಾಗದಲ್ಲಿ ನಾವೇ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕ ತಗೊಂಡ್ರೆ 2017-18ರಲ್ಲಿ 7.08 ಲಕ್ಷ ಟನ್ ಇದ್ದದ್ದು 2021-22ಕ್ಕೆ 16 ಲಕ್ಷ ಟನ್ ದಾಟ್ತು. ಆ 16 ಲಕ್ಷದಲ್ಲಿ ಲೈಸೆನ್ಸ್ ಇರೋರ ಕೈಗೆ ಬಂದು ಪ್ರೊಸೆಸ್ ಆಗಿದ್ದು 5.27 ಲಕ್ಷ ಟನ್. ಉಳಿದಿದ್ದು ಎಲ್ಲಿ ಹೋಯ್ತು ಅಂದ್ರೆ ಮನೆ ಅಟ್ಟದ ಮೇಲೆ, ಗುಜರಿಗೆ, ಕಸದ ಗುಂಡಿಗೆ, ವೈರ್ ಸುಡೋ ಜಾಗಕ್ಕೆ. ಈ ಉಳಿದ ಹತ್ತು ಹನ್ನೊಂದು ಲಕ್ಷ ಟನ್ ಇದೆಯಲ್ಲ, ಅದನ್ನ ನೆನಪಲ್ಲಿಟ್ಕೊಳ್ಳಿ, ನಾನು ಮುಂದೆ ಹೇಳೋದೆಲ್ಲಾ ಅದ್ರ ಸುತ್ತಲೇ ಇರತ್ತೆ.

ಕಾನೂನೂ ಈಗ ಬಿಗಿ ಆಗಿದೆ. 2022ರ ನವೆಂಬರ್‌ನಲ್ಲಿ ಹೊಸ ಇ-ತ್ಯಾಜ್ಯ ನಿಯಮ ಬಂತು, 2023ರ ಏಪ್ರಿಲ್ 1ರಿಂದ ಜಾರಿ ಆಯ್ತು. ಮೊದ್ಲು 21 ಥರದ ವಸ್ತು ಇತ್ತು, ಈಗ 106. ಟಿವಿ ಫ್ರಿಜ್ ಫೋನ್ ಮಾರೋ ಕಂಪನಿಗಳು ಹಿಂದೆ ಮಾರಿದ್ದು ಹಳೇದಾಗಿ ವಾಪಸ್ ಬರೋ ತೂಕದಲ್ಲಿ ಮೊದಲ ಎರಡು ವರ್ಷ ಶೇ. 60, 2025-26ರಿಂದ ಎರಡು ವರ್ಷ ಶೇ. 70, 2027-28ರಿಂದ ಶೇ. 80 ರಿಸೈಕಲ್ ಮಾಡಿಸಲೇಬೇಕು. ಅವ್ರು ತಾವೇ ಮಾಡಲ್ಲ, ರಿಜಿಸ್ಟರ್ ಆದ ರಿಸೈಕ್ಲರ್ ಹತ್ರ ಇಷ್ಟು ರಿಸೈಕಲ್ ಆಗಿದೆ ಅನ್ನೋ ಸರ್ಟಿಫಿಕೇಟ್ ಕೊಂಡ್ಕೋತಾರೆ, ಇದನ್ನೇ ಇಪಿಆರ್, ಅಂದ್ರೆ ತಯಾರಕರ ವಿಸ್ತರಿತ ಹೊಣೆ, ಅನ್ನೋದು. ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕು ಲೋಹ ಎಷ್ಟು ತೆಗೆದ್ರಿ ಅನ್ನೋದ್ರ ಮೇಲೆ ಸರ್ಟಿಫಿಕೇಟ್ ಹುಟ್ಟತ್ತೆ. 2024ರಲ್ಲಿ ಅದಕ್ಕೆ ಕನಿಷ್ಠ ರೇಟೂ ಬಂತು, ಮನೆಬಳಕೆ ಎಲೆಕ್ಟ್ರಾನಿಕ್ಸ್‌ಗೆ ಕೆಜಿಗೆ 22 ರೂಪಾಯಿ, ಸ್ಮಾರ್ಟ್‌ಫೋನ್‌ಗೆ 34. ಅದು ಜಾಸ್ತಿ ಆಯ್ತು ಅಂತ ಹಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ್ವು. ಅದಕ್ಕೇ ನಾನು ಹೇಳೋದು, ನಿಮ್ಮ ಬಿಸಿನೆಸ್ ಪ್ಲ್ಯಾನ್‌ನಲ್ಲಿ ಸರ್ಟಿಫಿಕೇಟ್ ದುಡ್ಡನ್ನ ಮೇಲಿಂದ ಬರೋ ಲಾಭ ಅಂತ ಇಟ್ಕೊಳ್ಳಿ, ಬ್ಯಾಂಕ್ ಕಂತು ಕಟ್ಟೋಕೆ ಅದನ್ನೇ ನಂಬ್ಕೋಬೇಡಿ.

ಇನ್ನೊಂದು ವಿಷ್ಯ ಎಷ್ಟೋ ಜನಕ್ಕೆ ಗೊತ್ತಿರಲ್ಲ. 2016ರ ಹಳೇ ನಿಯಮದಲ್ಲಿ ಕಲೆಕ್ಷನ್ ಸೆಂಟರ್, ಡಿಸ್‌ಮ್ಯಾಂಟ್ಲರ್ ಅಂತ ಬೇರೆ ಬೇರೆ ಪಾತ್ರ ಇತ್ತು. ಹೊಸದ್ರಲ್ಲಿ ಕೇಂದ್ರದ ಪೋರ್ಟಲ್‌ನಲ್ಲಿ ರಿಜಿಸ್ಟ್ರೇಷನ್ ಇರೋದು ನಾಲ್ಕೇ ಥರದೋರಿಗೆ: ತಯಾರಕರು, ಬ್ರ್ಯಾಂಡ್ ಹೆಸರಲ್ಲಿ ಮಾರೋರು, ರಿಫರ್ಬಿಶರ್ (ಹಳೇದನ್ನ ರೆಡಿ ಮಾಡೋರು), ರಿಸೈಕ್ಲರ್. ಬರೀ ಬಿಚ್ಚೋ ಕೆಲ್ಸ ಮಾಡ್ತೀನಿ ಅಂದ್ರೆ ಸರ್ಟಿಫಿಕೇಟ್ ನಿಮ್ಮ ಹೆಸರಲ್ಲಿ ಹುಟ್ಟಲ್ಲ. ಹಳೇ ಪ್ರಾಜೆಕ್ಟ್ ರಿಪೋರ್ಟ್ ಇಟ್ಕೊಂಡು "ಡಿಸ್‌ಮ್ಯಾಂಟ್ಲಿಂಗ್ ಲೈಸೆನ್ಸ್ ಕೊಡಿಸ್ತೀನಿ" ಅಂತ ಬರೋ ಕನ್ಸಲ್ಟೆಂಟ್ ಸಿಕ್ರೆ ದುಡ್ಡು ಕೊಡೋಕ್ ಮುಂಚೆ ಯಾವ ನಿಯಮದ ಕೆಳಗೆ ಅಂತ ಕೇಳಿ.

ಈಗ ಆಯ್ಕೆಗಳಿಗೆ ಬರೋಣ.

ಮೊದಲನೇದು ಕಲೆಕ್ಷನ್, ಹಳೇ ಸಾಮಾನು ಕೂಡಿಸಿ ರಿಸೈಕ್ಲರ್‌ಗೆ ಕೊಡೋದು. ಕಲೆಕ್ಷನ್ ಅಂದ್ರೆ ಸಣ್ಣ ಕೆಲ್ಸ, ಗುಜರಿ ಕೆಲ್ಸ ಅಂತ ಎಲ್ರೂ ಮೂಗು ಮುರೀತಾರೆ, ನನ್ನ ಪ್ರಕಾರ ಇಡೀ ಉದ್ಯಮದ ಜುಟ್ಟು ಇರೋದೇ ಇಲ್ಲಿ. ಮೆಷಿನ್ ಹಾಕ್ಕೊಂಡು ಕೂತಿರೋ ಎಷ್ಟು ಜನ ವಾರದಲ್ಲಿ ಎರಡು ದಿನ ಓಡ್ಸೋಕೂ ಮಾಲಿಲ್ದೆ ಒದ್ದಾಡ್ತಾರೆ ಅಂತ ಹತ್ರದಿಂದ ನೋಡಿದೀನಿ. ಕಾರಣ ಸಿಂಪಲ್. ಮನೆಯೋರು ಹಳೇ ಮಿಕ್ಸಿನ ಫ್ರೀ ಆಗಿ ಕೊಡಲ್ಲ, ಗುಜರಿಯೋನು ಮನೆ ಬಾಗ್ಲಿಗೆ ಬಂದು ಕೈಗೆ ದುಡ್ಡು ಕೊಡ್ತಾನೆ. ಬೆಂಗಳೂರಿನ ಜಾಲಿ ಮೊಹಲ್ಲಾ, ಗೌರಿಪಾಳ್ಯ, ನಾಯಂಡಹಳ್ಳಿ ಕಡೆ ಮಾಲು ಹರಿದು ಬರೋದು ಈ ಸಾವಿರಾರು ಜನರ ತಳ್ಳೋ ಗಾಡಿ, ಚೀಲ, ಟಿವಿಎಸ್‌ಗಳ ಮೇಲೇನೇ. ಅವ್ರಿಗೆ ಆಫೀಸ್ ಇಲ್ಲ, ಇಎಂಐ ಇಲ್ಲ, ತ್ಯಾಜ್ಯ ನೀರಿನ ಪ್ಲಾಂಟ್ ಇಲ್ಲ, ಹಾಗಾಗಿ ಅವ್ರು ಕೊಡೋ ರೇಟ್ ಕಾನೂನು ಪ್ರಕಾರ ನಡೆಸೋನು ಕೊಡೋಕೆ ಆಗಲ್ಲ. ಅವ್ರ ಜೊತೆ ಪೈಪೋಟಿಗೆ ಇಳಿದ್ರೆ ಸೋಲ್ತೀರಾ. ಅವ್ರನ್ನ ಜೊತೆಗೆ ಸೇರಿಸ್ಕೊಂಡ್ರೆ ನಿಲ್ತೀರಾ. ಸರ್ಕ್ಯೂಟ್ ಬೋರ್ಡು, ಬ್ಯಾಟರಿ, ಪಿಕ್ಚರ್ ಟ್ಯೂಬ್ ಈ ಮೂರನ್ನ ಒಡೀದೆ ಸುಡದೆ ಇಡೀದಾಗಿ ನಮಗೆ ಕೊಡಿ, ಕಬ್ಬಿಣ ಪ್ಲಾಸ್ಟಿಕ್ ನೀವೇ ಮಾರ್ಕೊಳ್ಳಿ, ತೂಕ ಮಾಡಿದ ಜಾಗದಲ್ಲೇ ಯುಪಿಐ ಅಂತ ಮಾತಾಡ್ಕೊಂಡು ನೋಡಿ, ಕೊಡ್ತಾರೆ. ತೂಕದಲ್ಲಿ ಒಂದ್ಸಲ ಮೋಸ ಮಾಡಿದ್ರೆ ಮಾತ್ರ ಇಡೀ ಬೀದಿ ನಿಮಗೆ ಬಾಗ್ಲು ಹಾಕತ್ತೆ.

ಈ ದಾರಿಗೆ ಬಂಡವಾಳ ಕಮ್ಮಿ, ಗೋಡೌನ್, ತೂಕದ ಕಾಟಾ, ಒಂದು ಗೂಡ್ಸ್ ಆಟೋ, ರಿಜಿಸ್ಟರ್ ಆದ ರಿಸೈಕ್ಲರ್ ಜೊತೆ ಕಾಗದದ ಮೇಲೆ ಒಪ್ಪಂದ. ಮಾರ್ಜಿನ್ನೂ ಕಮ್ಮಿ, ಆದ್ರೆ ದುಡ್ಡಿನ ರೊಟೇಷನ್ ಬೇಗ. ಜಿಎಸ್‌ಟಿ ಮಾತ್ರ ಮೊದಲ ದಿನದಿಂದ ಸರಿ ಮಾಡ್ಕೊಳ್ಳಿ: 2024ರ ಅಕ್ಟೋಬರ್ 10ರಿಂದ ರಿಜಿಸ್ಟರ್ ಆಗದೋರ ಹತ್ರ ಲೋಹದ ಸ್ಕ್ರ್ಯಾಪ್ ಕೊಂಡ್ರೆ ತೆರಿಗೆ ಕಟ್ಟೋ ಜವಾಬ್ದಾರಿ ಕೊಂಡೋರ ಮೇಲೇ ಬರತ್ತೆ. ಇದು ಗೊತ್ತಿಲ್ದೆ ಮೂರು ತಿಂಗಳು ನಡೆಸಿ ಆಮೇಲೆ ಆಡಿಟರ್ ಹತ್ರ ಓಡಿದೋರು ಇದಾರೆ.

ಎರಡನೇದು ರಿಫರ್ಬಿಶಿಂಗ್, ಹಳೇದನ್ನ ರೆಡಿ ಮಾಡಿ ಮತ್ತೆ ಮಾರೋದು. ಅಕ್ಕನ ಮಗನಂಥ ಕೈ ಪಳಗಿದ ಹುಡುಗ್ರಿಗೆ ಇದಕ್ಕಿಂತ ಒಳ್ಳೆ ಬಾಗ್ಲಿಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಒಂದು ಲ್ಯಾಪ್‌ಟಾಪ್‌ನ ಒಡೆದು ಲೋಹದ ಲೆಕ್ಕದಲ್ಲಿ ಮಾರಿದ್ರೆ ಸಿಗೋದು ಕೆಲವು ನೂರು ರೂಪಾಯಿ, ಅದೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ಕೀಬೋರ್ಡ್ ಬದಲಾಯ್ಸಿ, ಬ್ಯಾಟರಿ ಹೊಸದು ಕೂರ್ಸಿ ಮಾರಿದ್ರೆ ಸಾವಿರಗಳಲ್ಲಿ ಬರತ್ತೆ. ಬೆಂಗಳೂರಲ್ಲಿ ಕಂಪನಿಗಳು ಮೂರು ನಾಲ್ಕು ವರ್ಷಕ್ಕೆ ಲಾಟ್ ಲಾಟಾಗಿ ಲ್ಯಾಪ್‌ಟಾಪ್ ಬದಲಾಯಿಸ್ತಾವೆ, ಅದ್ರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಸಪೋರ್ಟ್ ನಿಂತಿದೆ, ಹೊಸ ವಿಂಡೋಸ್ ಹಿಡಿಯದ ಎಷ್ಟೋ ಗಟ್ಟಿಮುಟ್ಟು ಮೆಷಿನ್‌ಗಳು ಆಫೀಸ್‌ಗಳಿಂದ ಆಚೆ ಬರ್ತಿವೆ. ಅಂಥದ್ಕೆ ವಿಂಡೋಸ್ ಬದಲು ಫ್ರೀ ಆಗಿ ಸಿಗೋ ಲಿನಕ್ಸ್ ಹಾಕಿ ಹಳ್ಳಿ ಸ್ಕೂಲು, ಟ್ಯೂಷನ್ ಸೆಂಟರ್, ಅಕೌಂಟ್ಸ್ ಕಲಿಯೋ ಹುಡುಗ್ರಿಗೆ ಕೊಡಬಹುದು. ನಿಯಮವೂ ಇದ್ರ ಪರವಾಗೇ ಇದೆ. ರಿಫರ್ಬಿಶಿಂಗ್ ಸರ್ಟಿಫಿಕೇಟ್ ಕೊಂಡ ಕಂಪನಿಗೆ ರಿಸೈಕಲ್ ಮಾಡ್ಸೋ ಹೊಣೆ ಮುಂದಕ್ಕೆ ಹೋಗತ್ತೆ, ಮುಂದಕ್ಕೆ ಹೋದ್ರಲ್ಲೂ ಶೇ. 75ನ್ನ ಮಾತ್ರ ಆಮೇಲೆ ಲೆಕ್ಕಕ್ಕೆ ಹಿಡೀತಾರೆ.

ಇಲ್ಲಿ ಕಷ್ಟ ಇರೋದು ನಂಬಿಕೆ ವಿಷ್ಯದಲ್ಲಿ. ಐಟಿ ಕಂಪನಿ ತನ್ನ ಹಾರ್ಡ್ ಡಿಸ್ಕ್‌ನ ಯಾರ ಕೈಗೋ ಕೊಡಲ್ಲ. ಒಂದೊಂದು ಡಿಸ್ಕ್‌ನ ಸೀರಿಯಲ್ ನಂಬರ್ ಬರ್ಕೊಂಡು, ಡೇಟಾ ಪೂರ್ತಿ ಅಳಿಸಿ ಅಥವಾ ಅವ್ರ ಕಣ್ಮುಂದೆ ಪುಡಿ ಮಾಡಿ, ಸರ್ಟಿಫಿಕೇಟ್ ಕೊಡೋಕೆ ಬರಬೇಕು. ಈ ಡೇಟಾ ಅಳಿಸೋ ಸೇವೆಗೇ ಬೇರೆ ಚಾರ್ಜ್ ಮಾಡಬಹುದು, ನಾನು ನೋಡಿದ ಯುನಿಟ್‌ಗಳಲ್ಲಿ ತಿಂಗಳ ಸಂಬಳ ಅದ್ರಿಂದಾನೇ ಹೊರಡ್ತಿತ್ತು. ಹಾಳಾದ ಬ್ಯಾಟರಿ, ಒಡೆದ ಸ್ಕ್ರೀನ್ ಅಂತ ಉಳಿಯೋದನ್ನ ರಿಸೈಕ್ಲರ್‌ಗೆ ಕಳಿಸಿದ ರೆಕಾರ್ಡ್ ಇಟ್ಕೋಬೇಕು, ಗೋಡೌನ್‌ನಲ್ಲಿ ಇ-ವೇಸ್ಟ್ 180 ದಿನಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ.

ಮೂರನೇದು ಬಿಚ್ಚಿ, ಶ್ರೆಡ್ ಮಾಡಿ, ಬೇರ್ಪಡಿಸೋ ಮೆಕ್ಯಾನಿಕಲ್ ಪ್ಲಾಂಟ್. ಅಕ್ಕನ ಮಗ ಅಡ್ವಾನ್ಸ್ ಕೊಡೋಕೆ ಹೊರಟಿದ್ದು ಇದಕ್ಕೇ. ಇಲ್ಲಿ ಒಂದು ಘಟನೆ ಹೇಳ್ಬೇಕು. ಒಂದ್ಸಲ ಒಂದು ಲೋಡ್ ವಾಷಿಂಗ್ ಮೆಷಿನ್ ಮೋಟಾರ್ ಬಂತು, ವೈಂಡಿಂಗ್ ಎಲ್ಲಾ ಕೆಂಪಗೆ ಹೊಳೀತಿತ್ತು, ತಾಮ್ರದ ಲೆಕ್ಕದಲ್ಲಿ ರೇಟ್ ಹಾಕಿ ತಗೊಂಡೆ. ನಮ್ಮಲ್ಲಿ ಬಿಚ್ಚೋ ಕೆಲ್ಸದಲ್ಲಿದ್ದ ಒಬ್ರು ವಯಸ್ಸಾದ ಮೇಸ್ತ್ರಿ ಏನೂ ಮಾತಾಡ್ದೆ ಅರ ತಗೊಂಡು ತಂತಿ ಮೇಲೆ ಎರಡು ಸಲ ಉಜ್ಜಿದ್ರು. ಕೆಂಪು ಬಣ್ಣ ಪುಡಿಯಾಗಿ ಉದುರ್ತು, ಒಳಗೆ ಬೆಳ್ಳಗಿತ್ತು, ಅಲ್ಯೂಮಿನಿಯಂ. ಮೇಲಿನ ಕೆಂಪು ಬರೀ ಎನಾಮೆಲ್ ಬಣ್ಣ. ಆ ಲೋಡ್‌ನಲ್ಲಿ ಹೋದ ದುಡ್ಡು ಹೋಯ್ತು, ಅವತ್ತಿಂದ ನಾನು ಜೇಬಲ್ಲಿ ಒಂದು ಸಣ್ಣ ಅರ ಇಲ್ದೆ ಮಾಲು ನೋಡೋಕೆ ಹೋಗ್ತಿರ್ಲಿಲ್ಲ. ಯಾಕೆ ಹೇಳ್ತಿದೀನಿ ಅಂದ್ರೆ ಹೊಸ ಹೊಸ ಸಾಮಾನಲ್ಲಿ ಬೆಲೆ ಬಾಳೋ ಲೋಹ ಕಮ್ಮಿ ಆಗ್ತಾ ಬರ್ತಿದೆ. ಹಳೇ ಸರ್ವರ್, ಟೆಲಿಕಾಂ ಎಕ್ಸ್‌ಚೇಂಜ್ ಬೋರ್ಡ್‌ನಲ್ಲಿ ಇದ್ದ ಚಿನ್ನದ ಲೇಪ ಇವತ್ತಿನ ಬೋರ್ಡ್‌ನಲ್ಲಿ ಇಲ್ಲ, ಟಿವಿ ಮಿಕ್ಸಿ ಚಾರ್ಜರ್‌ನ ಕಂದು ಬಣ್ಣದ ಬೋರ್ಡ್‌ಗಂತೂ ರೇಟೇ ಇಲ್ಲ. ಹಾಗಾಗಿ ಹತ್ತು ವರ್ಷದ ಹಿಂದಿನ ಇಳುವರಿ ತೋರ್ಸಿ ಮೆಷಿನ್ ಮಾರೋರ ಲೆಕ್ಕ ಇವತ್ತಿಗೆ ಕೂಡಿ ಬರಲ್ಲ.

ಈ ಪ್ಲಾಂಟ್‌ಗೆ ಕೈಗಾರಿಕಾ ಪ್ರದೇಶದಲ್ಲಿ ಜಾಗ ಬೇಕು, ರಾಜ್ಯ ಮಾಲಿನ್ಯ ಮಂಡಳಿಯಿಂದ ಶುರು ಮಾಡೋಕೆ ಒಂದು ಒಪ್ಪಿಗೆ, ನಡೆಸೋಕೆ ಇನ್ನೊಂದು ಒಪ್ಪಿಗೆ, ಧೂಳು ಹಿಡಿಯೋ ವ್ಯವಸ್ಥೆ, ಥ್ರೀ ಫೇಸ್ ಕರೆಂಟು. ಇಪ್ಪತ್ತೈದು ಲಕ್ಷ ಇದ್ರ ಮುಂಬಾಗಿಲಿಗೂ ಸಾಲಲ್ಲ. ಆದ್ರೆ ನಿಮ್ಮ ಕೈಯಲ್ಲಿ ಆಗ್ಲೇ ತಿಂಗಳಿಗೆ ಖಾಯಂ ಲೋಡ್ ಇದ್ರೆ, ನಾಲ್ಕೈದು ಫ್ಯಾಕ್ಟರಿ ಜೊತೆ ವರ್ಷದ ಒಪ್ಪಂದ ಇದ್ರೆ, ಆಗ ಇದೇ ಅತಿ ಗಟ್ಟಿ ದಾರಿ. ನರಸಾಪುರ, ದೇವನಹಳ್ಳಿ ಕಡೆ ಫೋನ್ ತಯಾರಿಕೆ ಬೆಳೀತಿರೋದ್ರಿಂದ ಫ್ಯಾಕ್ಟರಿ ರಿಜೆಕ್ಟ್ ಮಾಲೂ ಹೆಚ್ಚತ್ತೆ, ಅದು ಒಂದೇ ಥರ ಕ್ಲೀನಾಗಿ ಬರೋ ಮಾಲು, ಗುಜರಿ ಮಾಲಿಗಿಂತ ಹತ್ತು ಪಾಲು ಸಲೀಸು. ಸರ್ಕಾರಿ ಇಲಾಖೆಗಳ ಹಳೇ ಕಂಪ್ಯೂಟರ್ ಎಂಎಸ್‌ಟಿಸಿ ಅನ್ನೋ ಕೇಂದ್ರ ಸರ್ಕಾರಿ ಕಂಪನಿಯ ಆನ್‌ಲೈನ್ ಹರಾಜಲ್ಲಿ ಬರತ್ತೆ, ಅಲ್ಲಿ ಬಿಡ್ ಹಾಕೋಕೂ ರಿಜಿಸ್ಟ್ರೇಷನ್ ಕೇಳ್ತಾರೆ.

ನಾಲ್ಕನೇದು ಚಿನ್ನ. ಎಲ್ರ ಕಣ್ಣೂ ಇದ್ರ ಮೇಲೇ. ಮಾತಲ್ಲಿ ಸುಳ್ಳಿಲ್ಲ, ನಮ್ಮ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗೋದು ಕೆಲವೇ ಗ್ರಾಂ, ಒಂದು ಟನ್ ಹಳೇ ಮೊಬೈಲ್‌ನಲ್ಲಿ ಅದ್ರ ಎಷ್ಟೋ ಪಟ್ಟು ಇರತ್ತೆ. 2001ರಲ್ಲಿ ಕೆಜಿಎಫ್ ಮುಚ್ಚಿದ್ಮೇಲೆ ಬೆಂಗಳೂರೇ ನಮ್ಮ ಹೊಸ ಗಣಿ ಅಂತ ಮಾತಾಡೋರು ಇದಾರೆ. ಆದ್ರೆ ಇದನ್ನೂ ಪಕ್ಕದಲ್ಲಿ ಇಟ್ಟು ನೋಡಿ: ಟೋಕಿಯೋ ಒಲಿಂಪಿಕ್ಸ್ ಪದಕಗಳಿಗೆ ಅಂತ ಜಪಾನ್ ಇಡೀ ದೇಶ ಸೇರಿ ಎರಡು ವರ್ಷ ಸುಮಾರು 79,000 ಟನ್ ಹಳೇ ಸಾಮಾನು ಕೂಡಿಸ್ತು, ಅದ್ರಲ್ಲಿ 62 ಲಕ್ಷ ಫೋನ್ ಇತ್ತು, ಕೊನೆಗೆ ಸಿಕ್ಕ ಚಿನ್ನ 32 ಕೆಜಿ. ಉಳಿದಿದ್ದೆಲ್ಲಾ ಬಹುಪಾಲು ಕಬ್ಬಿಣ, ಪ್ಲಾಸ್ಟಿಕ್, ಗಾಜು. ಒಂದು ಟನ್ ಬರೀ ಫೋನ್ ಕೂಡಿಸೋಕೆ ಐದಾರು ಸಾವಿರ ಫೋನ್ ಬೇಕು, ಆ ಐದಾರು ಸಾವಿರ ಮನೆ ಬಾಗ್ಲು ತಟ್ಟೋ ಖರ್ಚನ್ನ ಯಾವ ಪ್ರಾಜೆಕ್ಟ್ ರಿಪೋರ್ಟೂ ಬರ್ದಿರಲ್ಲ.

ಬೋರ್ಡಿಂದ ಲೋಹ ತೆಗೆಯೋಕೆ ದೊಡ್ಡ ಕುಲುಮೆ ಬೇಕು, ಇಲ್ಲಾಂದ್ರೆ ಕೆಮಿಕಲ್‌ನಲ್ಲಿ ಕರಗಿಸೋ ಪ್ಲಾಂಟ್ ಬೇಕು. ದೇಶದಲ್ಲಿ ಮೊದಲ ಅಧಿಕೃತ ಇ-ವೇಸ್ಟ್ ರಿಸೈಕ್ಲರ್ ಇ-ಪರಿಸರ ಶುರುವಾಗಿದ್ದು ನಮ್ಮ ದಾಬಸ್‌ಪೇಟೆಯಲ್ಲೇ, 2005ರಲ್ಲಿ. ಅವ್ರೂ ಸೇರಿ ಬಹಳಷ್ಟು ಜನ ಬೋರ್ಡ್‌ನ ಬೆಲ್ಜಿಯಂನ ಯುಮಿಕೋರ್‌ನಂಥ ಸ್ಮೆಲ್ಟರ್‌ಗೆ ಕಳಿಸ್ತಿದ್ರು, ಯಾಕಂದ್ರೆ ಅಂಥ ಕುಲುಮೆ ಇಲ್ಲಿರಲಿಲ್ಲ. ಈಗ ರೂರ್ಕಿ ಕಡೆಯ ಅಟೆರೊ ಥರದ ದೊಡ್ಡೋರು ಇಲ್ಲೇ ಲೋಹ ತೆಗೀತಾರೆ, ಹೈದರಾಬಾದ್‌ನ ಸಿ-ಮೆಟ್ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ ಇದಕ್ಕೆ ಟೆಕ್ನಾಲಜಿ ಮಾಡಿದೆ. 2025ರ ಜನವರಿಯಿಂದ, ಅಪಾಯಕಾರಿ ತ್ಯಾಜ್ಯದ ಸಾಗಾಟಕ್ಕೆ ದೇಶಗಳು ಮಾಡ್ಕೊಂಡಿರೋ ಬಾಸೆಲ್ ಒಪ್ಪಂದದ ಪ್ರಕಾರ, ಯಾವುದೇ ಇ-ವೇಸ್ಟ್ ಗಡಿ ದಾಟೋಕೆ ಮುಂಚೇನೇ ಆ ಕಡೆ ದೇಶದ ಒಪ್ಪಿಗೆ ಬೇಕು, ಹಾಗಾಗಿ ಬೋರ್ಡ್ ಇಲ್ಲೇ ಪ್ರೊಸೆಸ್ ಮಾಡೋರಿಗೆ ಬೇಡಿಕೆ ಏರತ್ತೆ ಅಂತ ನನಗೂ ಅನ್ಸತ್ತೆ. ಆದ್ರೆ ಇದು ಕೋಟಿಗಳ ಆಟ, ಕೆಮಿಕಲ್ ಇಂಜಿನಿಯರ್‌ಗಳ ಆಟ.

ಹಿತ್ಲಲ್ಲಿ ಡ್ರಮ್ ಇಟ್ಕೊಂಡು ಆಸಿಡ್‌ನಲ್ಲಿ ಚಿನ್ನ ತೆಗೆಯೋ ವಿಡಿಯೋ ನೋಡಿ ಯಾರೂ ಕೈ ಹಾಕ್ಬೇಡಿ, ಇದನ್ನ ಕೈ ಮುಗಿದು ಹೇಳ್ತೀನಿ. ಆ ಹೊಗೆ ಕುಡಿದು ಉಸಿರಾಟ ಹಾಳು ಮಾಡ್ಕೊಂಡೋರನ್ನ ನಾನು ನೋಡಿದೀನಿ, ಮೂವತ್ತೈದಕ್ಕೇ ಮೆಟ್ಟಿಲು ಹತ್ತೋಕಾಗದೆ ಮಧ್ಯದಲ್ಲಿ ಕೂತ್ಕೋತಾರೆ. ಉಳಿದ ನೀರು ಮೋರಿಗೆ ಹೋಗತ್ತೆ, ಮೋರಿ ಕೆರೆಗೆ ಹೋಗತ್ತೆ, ಆ ಕೆರೆ ಕೆಳಗೆ ಸೊಪ್ಪು ಬೆಳೀತಾರೆ.

ಇನ್ನು ಬ್ಯಾಟರಿ. ಬೆಂಗಳೂರಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಓಡಾಡೋದು ನೋಡಿದ್ರೆ ಎಂಟು ಹತ್ತು ವರ್ಷದಲ್ಲಿ ಬ್ಯಾಟರಿ ಗುಡ್ಡೆ ಬೀಳೋದು ಗ್ಯಾರಂಟಿ. 2022ರಲ್ಲೇ ಬ್ಯಾಟರಿಗೆ ಬೇರೆ ನಿಯಮ ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಅತ್ಯಗತ್ಯ (ಕ್ರಿಟಿಕಲ್) ಖನಿಜಗಳ ರಿಸೈಕ್ಲಿಂಗ್‌ಗೆ 1,500 ಕೋಟಿಯ ಸ್ಕೀಮ್ ಒಪ್ಪಿದೆ, ಇ-ವೇಸ್ಟೂ ಲಿಥಿಯಂ ಬ್ಯಾಟರಿ ಸ್ಕ್ರ್ಯಾಪೂ ಅದ್ರೊಳಗೆ ಬರತ್ತೆ, ಮೆಷಿನರಿಗೆ ಶೇ. 20 ಸಬ್ಸಿಡಿ, ದುಡ್ಡಲ್ಲಿ ಮೂರನೇ ಒಂದು ಭಾಗ ಸಣ್ಣ ಮತ್ತು ಹೊಸ ರಿಸೈಕ್ಲರ್‌ಗಳಿಗೇ ಮೀಸಲು. ಕೇಳೋಕೆ ಚೆನ್ನಾಗಿದೆ. ಆದ್ರೆ ಬ್ಯಾಟರಿ ಬ್ಯಾಟರಿಗೂ ವ್ಯತ್ಯಾಸ ಇದೆ: ಹಳೇ ಫೋನ್ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಕೋಬಾಲ್ಟ್ ಇರತ್ತೆ, ಅದಕ್ಕೆ ರೇಟಿದೆ, ಆಟೋ ಬಸ್‌ಗಳಲ್ಲಿ ಜಾಸ್ತಿ ಬರ್ತಿರೋ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿ ಕೋಬಾಲ್ಟೂ ಇಲ್ಲ ನಿಕಲ್ಲೂ ಇಲ್ಲ. ಲಿಥಿಯಂ ರೇಟು 2022ರ ಕೊನೆಯಲ್ಲಿ ಶಿಖರಕ್ಕೆ ಹೋಗಿ ಆಮೇಲೆ ಪಾತಾಳಕ್ಕೆ ಬಿತ್ತು. ಕೆನಡಾದ ಲಿ-ಸೈಕಲ್ ಬ್ಯಾಟರಿ ರಿಸೈಕ್ಲಿಂಗ್‌ನಲ್ಲಿ ಅಷ್ಟು ಹೆಸರು ಮಾಡಿದ ಕಂಪನಿ, 2025ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕ್ತು, ಕೊನೆಗೆ ಗ್ಲೆನ್‌ಕೋರ್ ಅನ್ನೋ ದೊಡ್ಡ ಗಣಿ ಕಂಪನಿ ಪಾಲಾಯ್ತು. ಬೆಂಕಿ ಭಯ ಬೇರೆ. ನಮ್ಮ ಗೋಡೌನ್‌ನಲ್ಲಿ ಒಂದು ಚೀಲದಲ್ಲಿ ಊದಿಕೊಂಡ ಫೋನ್ ಬ್ಯಾಟರಿ ಒಂದರ ಮೇಲೊಂದು ಬಿದ್ದು ರಾತ್ರಿ ಹೊಗೆ ಶುರುವಾಯ್ತು, ವಾಚ್‌ಮನ್ ಎಚ್ಚರ ಇದ್ದಿದ್ರಿಂದ ಉಳ್ಕೊಂಡ್ವಿ. ಅವತ್ತಿಂದ ಪ್ರತಿ ಬ್ಯಾಟರಿಯ ತುದಿಗೂ ಟೇಪ್ ಸುತ್ತಿ ಮರಳಿನ ಡ್ರಮ್‌ನಲ್ಲೇ ಇಡ್ತಿದ್ವಿ. ಬ್ಯಾಟರಿ ಕೂಡಿಸಿ ಸುರಕ್ಷಿತವಾಗಿ ಕಳಿಸಿ, ಅಲ್ಲೀವರ್ಗೂ ಸರಿ. ಕರಗಿಸೋ ಪ್ಲಾಂಟ್ ಆಸೆ ಸದ್ಯಕ್ಕೆ ಬೇಡ.

ಅಕ್ಕನ ಮಗ ಪಾವಗಡದೋನಾದ್ರಿಂದ "ಸೋಲಾರ್ ಪ್ಯಾನೆಲ್ ಮಾವ, ನಮ್ಮೂರಲ್ಲೇ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ" ಅಂತ ಕಣ್ಣು ಅರಳಿಸಿ ಕೇಳ್ದ. ಅಲ್ಲಿನ ಪ್ಯಾನೆಲ್ ಬಂದಿದ್ದು 2018ರಿಂದ ಈಚೆಗೆ, ಆಯುಷ್ಯ ಇಪ್ಪತ್ತೈದು ವರ್ಷ. ಸೋಲಾರ್ ವೇಸ್ಟ್‌ನ ತಯಾರಕರು 2034-35ರವರೆಗೆ ಶೇಖರಿಸಿಟ್ಕೋಬೇಕು ಅಂತ ನಿಯಮ ಇದೆ. ಅವನ ಮಗಳು ದೊಡ್ಡೋಳಾಗಿ ಮಾಡೋ ಬಿಸಿನೆಸ್ ಅದು, ಈಗಲ್ಲ ಅಂದೆ.

ಹಾಗಾದ್ರೆ ಯಾವುದು? ರಿಪೇರಿ ಕೈಗುಣ ಇದೆ, ಮೂವತ್ತು ಲಕ್ಷದೊಳಗೆ ದುಡ್ಡಿದೆ ಅಂದ್ರೆ ಕಣ್ಮುಚ್ಚಿ ರಿಫರ್ಬಿಶಿಂಗ್. ಜನರ ಜೊತೆ ಬೆರೆಯೋ ಸ್ವಭಾವ, ಜಿಲ್ಲಾ ಕೇಂದ್ರದಲ್ಲಿ ಗೋಡೌನ್ ಇದೆ ಅಂದ್ರೆ ಕಲೆಕ್ಷನ್. ದಾವಣಗೆರೆ, ಹುಬ್ಬಳ್ಳಿ, ಕಲಬುರಗಿ ಕಡೆ ಮಾಲು ಹುಟ್ಟಿದ್ರೂ ಅದನ್ನ ಸರಿಯಾಗಿ ಕೂಡಿಸೋರು ಕಮ್ಮಿ, ಬೆಂಗಳೂರಿಗಿಂತ ಅಲ್ಲೇ ಜಾಗ ಖಾಲಿ ಇದೆ ಅಂತ ನನ್ನ ಅನಿಸಿಕೆ. ಕುಟುಂಬಕ್ಕೆ ಆಗ್ಲೇ ಸ್ಕ್ರ್ಯಾಪ್ ವ್ಯಾಪಾರ ಇದ್ದು ಖಾಯಂ ಲೋಡ್ ಇದ್ರೆ ಮಾತ್ರ ಮೆಕ್ಯಾನಿಕಲ್ ಪ್ಲಾಂಟ್. ಲೋಹ ತೆಗೆಯೋದು, ಬ್ಯಾಟರಿ ಕರಗಿಸೋದು ಕೋಟಿಗಳಿರೋರಿಗೆ, ಟೆಕ್ನಿಕಲ್ ಟೀಮ್ ಇರೋರಿಗೆ. ಯಾರು ಯಾವ ದಾರಿ ಹಿಡಿದ್ರೂ ಸುಳ್ಳು ಸರ್ಟಿಫಿಕೇಟ್ ಹತ್ರ ಮಾತ್ರ ಸುಳೀಬೇಡಿ. ಪ್ಲಾಸ್ಟಿಕ್ ಇಪಿಆರ್‌ನಲ್ಲಿ 2023ರಲ್ಲಿ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸಿಕ್ಕಿಬಿತ್ತು, ಅದ್ರಲ್ಲಿ ಕರ್ನಾಟಕದ ಕಂಪನಿನೂ ಇತ್ತು.

ಅಕ್ಕನ ಮಗ ಮೆಷಿನ್ ಅಡ್ವಾನ್ಸ್ ಕೊಡ್ಲಿಲ್ಲ. ಈಗ ಪ್ರತಿ ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡ್, ಜಾಲಿ ಮೊಹಲ್ಲಾ ಸುತ್ತಿ ಯಾವ ಬೋರ್ಡ್‌ಗೆ ಏನ್ ರೇಟು, ಯಾರು ಯಾರಿಗೆ ಕೊಡ್ತಾರೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರ್ಕೋತಿದಾನೆ. ಮೂರು ರಿಸೈಕ್ಲರ್ ಹತ್ರ ಮಾತಾಡಿದಾನೆ, ಮೂರೂ ಜನಕ್ಕೆ ನಾನು ಹೇಳಿಕೊಟ್ಟ ಪ್ರಶ್ನೆನೇ ಕೇಳಿದಾನೆ: ನಿಮ್ಮ ಒಪ್ಪಿಗೆ ಪತ್ರದಲ್ಲಿ ವರ್ಷಕ್ಕೆ ಎಷ್ಟು ಟನ್ ಬರ್ದಿದೆ, ಬೋರ್ಡ್ ನಿಮ್ಮಲ್ಲೇ ಪ್ರೊಸೆಸ್ ಆಗತ್ತಾ ಮುಂದಕ್ಕೆ ಹೋಗತ್ತಾ, ಹೋದ್ರೆ ಯಾರಿಗೆ, ದುಡ್ಡು ಎಷ್ಟು ದಿನಕ್ಕೆ ಕೊಡ್ತೀರಾ. ಇಬ್ರು ಜಾರ್ಕೊಂಡ್ರು. ಒಬ್ರು ಪ್ಲಾಂಟ್ ಒಳಗೆ ಕರ್ಕೊಂಡ್ ಹೋಗಿ ಎಲ್ಲಾ ತೋರ್ಸಿದ್ರಂತೆ. ಮುಂದಿನ ವಾರ ನಾನೂ ಅರ ಜೇಬಲ್ಲಿಟ್ಕೊಂಡು ಅವನ ಜೊತೆ ಅಲ್ಲಿಗೆ ಹೋಗ್ತಿದೀನಿ.